ಮನೆಗೆಂದು ತೆಗೆದ ಫೋಟೊ

ಕೊಲ್ಲಿ ದೇಶದ ನೈಫ್ ಪೇಟೆಯ ಗಲ್ಲಿಯೊಂದರಲ್ಲಿ, ಸೂಟ್‌ಕೇಸ್ ಅಂಗಡಿಗಳ ನಡುವೆ, ವೀಸಾ ಫೋಟೊ ತೆಗೆಯುವ ಚಿಕ್ಕ ಸ್ಟುಡಿಯೊ ಇದೆ. ಅಲ್ಲಿ ಕ್ಯಾಮೆರಾ ಹಿಡಿಯುವ ಹಿರಿಯರು ಉಡುಪಿ ಕಡೆಯವರು, ಹಿಂದೆ ಸೇನೆಯಲ್ಲಿ ಛಾಯಾಗ್ರಾಹಕರಾಗಿದ್ದವರು. ನಾನು ಅದೇ ನಗರದ ಸಿಲಿಕಾನ್ ಓಯಸಿಸ್‌ನ ಕಚೇರಿಯೊಂದರಲ್ಲಿ ಪತ್ರ, ವರದಿಗಳ ಭಾಷೆಯನ್ನು ತಿದ್ದುವವನು. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗ ನಾನಾದ್ದರಿಂದ, ಒಂದು ಸಾಲು ಬರೆದರೂ ಯಾರೋ ಕೆಂಪು ಶಾಯಿ ಹಿಡಿದು ಹಿಂದೆ ನಿಂತಿರುವಂತೆ ಅಳುಕು. ಭಾನುವಾರಗಳಂದು ಅವರ ಸ್ಟುಡಿಯೊದಲ್ಲಿ ಚಹಾ ಕುಡಿಯುವುದು ನನ್ನ ರೂಢಿಯಾಗಿತ್ತು. ಅವರು ನನ್ನನ್ನು ‘ಪಂಡಿತರೇ’ ಎಂದು ಛೇಡಿಸುತ್ತಿದ್ದರು.

ಅವರು ಫೋಟೊ ತೆಗೆಯುವ ಕ್ರಮವೇ ಬೇರೆ. ಬಿಳಿ ಪರದೆಯ ಮುಂದೆ ಗಿರಾಕಿಯನ್ನು ನೆಟ್ಟಗೆ ಕೂರಿಸಿ, ನಿಯಮದಂತೆ ಒಂದು ತೆಗೆಯುತ್ತಿದ್ದರು. ಬಳಿಕ “ಖಲಾಸ್” ಎನ್ನುತ್ತಿದ್ದರು. ಮುಗಿಯಿತೆಂದು ಗಿರಾಕಿಯ ಹೆಗಲು ಇಳಿದು ಮುಖ ಸಡಿಲಗೊಂಡಾಗ ಇನ್ನೊಂದು ತೆಗೆಯುತ್ತಿದ್ದರು. ಅದು ಯುದ್ಧಕಾಲದಲ್ಲಿ ಕಲಿತ ಅಭ್ಯಾಸ. ಗಡಿಯ ಬೆಟ್ಟಗಳಲ್ಲಿ ಕಾಳಗ ನಡೆದಾಗ, ವಶಪಡಿಸಿಕೊಂಡ ಬಂದೂಕುಗಳು, ಮುರಿದ ಬಂಕರುಗಳು, ಸತ್ತವರ ಮುಖಗಳು, ಎಲ್ಲವನ್ನೂ ದಾಖಲೆಗಾಗಿ ತೆಗೆಯುವುದು ಅವರ ಕರ್ತವ್ಯ. ಮೇಲೆ ಹತ್ತಲು ಹೊರಟವರದ್ದು ಕಡತಕ್ಕೆ ಒಂದು ಬಿಗಿಮುಖದ ಚಿತ್ರ. ಆದರೆ ಪ್ರತಿಯೊಬ್ಬರದ್ದೂ ಎರಡನೆಯದೊಂದನ್ನು ಅವರು ತಮ್ಮದೇ ರೀಲಿನಲ್ಲಿ ತೆಗೆಯುತ್ತಿದ್ದರು. ಅದು ಮನೆಗೆ.

ಅಂಥದ್ದೊಂದು ಚಿತ್ರ ವಿಳಾಸ ಸಿಗದ್ದರಿಂದ ಮನೆ ಸೇರದೆ ಅವರ ಪೆಟ್ಟಿಗೆಯಲ್ಲೇ ಉಳಿದಿತ್ತು. ಆ ಕಾಳಗದಲ್ಲಿ ಮಡಿದ, ಬೆಳಗಾವಿ ಕಡೆಯ ಒಬ್ಬ ಯೋಧನದು. ಹೋದ ವರ್ಷ ಇಲ್ಲಿನ ಜುಲೈ ಸೆಖೆಯಲ್ಲಿ ಅದೇ ಪಲ್ಟನ್ನಿನ ನಿವೃತ್ತ ಸೈನಿಕರೊಬ್ಬರು ಅಕಸ್ಮಾತ್ ವೀಸಾ ಫೋಟೊಗೆ ಬಂದು, ಯೋಧನ ತಾಯಿಯ ವಿಳಾಸ ಕೊಟ್ಟರು. ಆಕೆಯ ಕಣ್ಣಿನ ನರ ಸೋಲುತ್ತಿದೆ, ಇನ್ನು ಕೆಲವೇ ತಿಂಗಳು ದೃಷ್ಟಿ ಇರುತ್ತದೆಂದು ವೈದ್ಯರು ಹೇಳಿದ್ದಾರೆ ಎಂದೂ ತಿಳಿಸಿದರು.

ಹಿರಿಯರು ಅಂದೇ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿದರು. ಮೊಬೈಲಿನಲ್ಲಿ ಕಳಿಸುವ ಮಾತಿಗೆ ಒಪ್ಪಲಿಲ್ಲ. ಸತ್ತ ಮಗನ ಮುಖ ಹೇಳದೆ ಕೇಳದೆ ಬಾಗಿಲಿಗೆ ಬರಬಾರದು, ಜೊತೆಗೊಂದು ಪತ್ರ ಬೇಕು ಎಂದು, ಅದನ್ನು ಬರೆಯುವ ಕೆಲಸವನ್ನು ನನಗೆ ಒಪ್ಪಿಸಿದರು. ಚಿತ್ರದಲ್ಲಿ ಹುಡುಗ ನಗುತ್ತಿದ್ದ, ಎಡಗೆನ್ನೆ ಉಬ್ಬಿತ್ತು.

“ಬಾಯಲ್ಲಿ ಶೇಂಗಾ ಉಂಡೆ ಉಂಟು ಮಾರಾಯ. ಅವನ ಅಮ್ಮ ಪಾರ್ಸಲ್ ಮಾಡಿದ್ದು. ನುಂಗ್ಲಿಕ್ಕೂ ಆಗ್ಲಿಲ್ಲ, ನಗು ತಡ್ಕೊಳ್ಳಿಕ್ಕೂ ಆಗ್ಲಿಲ್ಲ. ಅದನ್ನ ಬರಿ” ಎಂದವರು, ಮೆಲ್ಲನೆ ಸೇರಿಸಿದರು: “ಮೂರನೇದೂ ನಾನೇ ತೆಗೆದದ್ದು. ನಾಲ್ಕು ದಿವಸ ಬಿಟ್ಟು. ಅದನ್ನ ಬರೀಬೇಡ.”

ಒಂದು ವಾರದೊಳಗೆ ಬರೆದುಕೊಡುವುದಾಗಿ ನಾನು ಮಾತು ಕೊಟ್ಟೆ. ತೆಗೆದುಕೊಂಡದ್ದು ನಾಲ್ಕು ತಿಂಗಳು.

ಸೋಮಾರಿತನವಾಗಿದ್ದರೆ ಒಪ್ಪಿಕೊಳ್ಳುವುದು ಸುಲಭವಿತ್ತು. ನಾನು ಪ್ರತಿದಿನವೂ ಬರೆಯುತ್ತಿದ್ದೆ. ವೀರಯೋಧನ ತಾಯಿಗೆ ಹೋಗುವ ಪತ್ರ. ಸಂಬೋಧನೆ ತಪ್ಪಬಾರದು, ಗೌರವಕ್ಕೆ ಕುಂದು ಬರಬಾರದು ಎಂದು ಮೊದಲ ವಾಕ್ಯವನ್ನೇ ಹನ್ನೆರಡು ಬಾರಿ ತಿದ್ದಿದೆ. ಭಾನುವಾರ ಅವರು ವಿಚಾರಿಸಿದಾಗಲೆಲ್ಲ ಬಹುಪಾಲು ಮುಗಿದಿದೆ ಎನ್ನುತ್ತಿದ್ದೆ. ಶೇಂಗಾ ಉಂಡೆಯ ಸಾಲು ಮೂರನೆಯ ಕರಡಿನವರೆಗೂ ಇತ್ತು. ನಾಲ್ಕನೆಯದರಲ್ಲಿ ಅದನ್ನು ಹೊಡೆದುಹಾಕಿದೆ. ಹುತಾತ್ಮನ ಬಾಯಲ್ಲಿ ತಿಂಡಿ ಇತ್ತೆಂದು ಬರೆಯುವುದು ಉಚಿತವಲ್ಲವೆಂದು ತೋರಿತು. ಅದರ ಸ್ಥಾನದಲ್ಲಿ ‘ಧೀರೋದಾತ್ತವಾದ ಮುಖಮುದ್ರೆ’ ಎಂದು ಬರೆದೆ. ಆ ಪದಪುಂಜದ ಬಗ್ಗೆ ನನಗೆ ಹೆಮ್ಮೆಯೂ ಇತ್ತು. ಕೊನೆಗೆ ಪತ್ರ ಕೊಟ್ಟಾಗ ಅವರು ಓದಲಿಲ್ಲ. ಓದಿದವರು ಬರೆದದ್ದನ್ನು ತಾನೇನು ನೋಡುವುದು ಎಂದು ನಕ್ಕು, ಸಹಿ ಹಾಕಿ, ಕೆಳಗೆ ಸ್ಟುಡಿಯೊದ ಫೋನ್ ನಂಬರ್ ಬರೆದು ಅಂಚೆಗೆ ಹಾಕಿದರು.

ಮೂರು ವಾರಗಳ ಮೇಲೆ ಒಂದು ಭಾನುವಾರ ಫೋನ್ ಬಂತು. ಯೋಧನ ಅಕ್ಕ. ಹಿರಿಯರು ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟರು. ಪತ್ರ ಭಾಳ ಚಲೋ ಇದೆ, ಊರಿನ ಮಾಸ್ತರರೂ ಓದಿ ಹೊಗಳಿದರು ಎಂದಳು. ಆಮೇಲೆ ತಡೆದು ತಡೆದು ಹೇಳಿದಳು: “ಅವ್ವಗ ಈಗ ಏನೂ ಕಾಣಂಗಿಲ್ರಿ. ದೀಪಾವಳಿ ಮುಂದ ಪೂರಾ ಹೋತು. ಫೋಟೊದಾಗ ಹೆಂಗದಾನ ಹೇಳಂತ ಕೇಳಿದ್ಲು. ನಗಾಕತ್ತಾನ, ಗಲ್ಲ ಬಾತೈತಿ ಅಂದೆ. ಹೇಳಿ ತಪ್ಪ ಮಾಡಿದ್ನಿ. ಯಾರರ ಹೊಡದಿದ್ರೇನು, ಗಾಯ ಆಗಿತ್ತೇನು ಅಂತ ನಾಕ್ ದಿನ ಆತು ಸರಿಯಾಗಿ ಉಂಡಿಲ್ಲ. ಪತ್ರ ಎರಡ ಸಲ ಓದಿಸಿದ್ಲು. ಅದರಾಗ ಏನೂ ಇಲ್ಲಲ್ರಿ.”

ಹಿರಿಯರು ನನ್ನನ್ನೇ ನೋಡಿದರು.

“ಪಂಡಿತರೇ, ಉಂಡೆದ್ದು ಬರೀಲಿಲ್ವಾ ನೀವು?”

ಇಲ್ಲವೆಂದು ತಲೆಯಾಡಿಸಿದೆ. ಅವರು ಫೋನನ್ನು ನನ್ನ ಕಡೆ ತಳ್ಳಿದರು. ತಾಯಿಗೆ ಕೊಡಿ ಎಂದು ಕೇಳಿದೆ.

“ಅದು ಏಟಲ್ಲಮ್ಮ. ಬಾಯಲ್ಲಿ ನೀವು ಕಳ್ಸಿದ್ದ ಶೇಂಗಾ ಉಂಡೆ ಇತ್ತು. ಬರೀರಿ ಅಂತ ಸರ್ ಹೇಳಿದ್ರು. ನಾನೇ ಬರೀಲಿಲ್ಲ.”

ಆ ಕಡೆಯಿಂದ ಮುದಿದನಿಯೊಂದು, ಯಾರಿಗೆಂದೂ ಅಲ್ಲದೆ, “ಮುಟ್ಟಿತ್ತು ಹಂಗಾರ” ಎಂದಿತು. ಆ ಪಾರ್ಸಲ್ ಮಗನ ಕೈ ಸೇರಿತೋ ಇಲ್ಲವೋ ಎಂಬುದು ಆಕೆಗೆ ಇಷ್ಟು ವರ್ಷ ತಿಳಿದಿರಲಿಲ್ಲ.

“ಮುಟ್ಟಿತ್ತು ಅಮ್ಮ,” ಹಿರಿಯರು ಬಾಗಿ ಹೇಳಿದರು. “ನಂಗೂ ಎರಡು ಕೊಟ್ಟಿದ್ದ.”

ಅವರು ನನ್ನನ್ನು ಬೈಯಲಿಲ್ಲ. ಚಹಾ ತರಿಸಿದರು. ಅಂದಿನಿಂದ ‘ಪಂಡಿತರೇ’ ಎನ್ನುವುದನ್ನು ಮಾತ್ರ ಬಿಟ್ಟಿದ್ದಾರೆ.

ಕರಡುಗಳೆಲ್ಲ ಇನ್ನೂ ನನ್ನ ಲ್ಯಾಪ್‌ಟಾಪಿನಲ್ಲಿವೆ, ಪ್ರತಿಯೊಂದರ ಮೇಲೂ ತಾರೀಖು ಇದೆ. ಕೋಣೆಗೆ ಮರಳಿ ತೆರೆದು ನೋಡಿದೆ. ಮೂರನೆಯದು ಶ್ರಾವಣದ್ದು. ಅಕ್ಷರದೋಷಗಳಿವೆ, ಎರಡು ಕಡೆ ವಾಕ್ಯ ಮುಗಿದಿಲ್ಲ, ಉಂಡೆಯ ಸಾಲು ಇದೆ. ಅದನ್ನೇ ಕಳಿಸಿದ್ದರೆ ಆಕೆ ಆ ಕೆನ್ನೆಯನ್ನು ಕಣ್ಣಾರೆ ನೋಡುತ್ತಿದ್ದಳು.