ಗುರುತಿನ ಬೊಟ್ಟು

ಅಕ್ಕ ಇದ್ದ ಕೊನೆಯ ದಿನ ಬೇರೆ ದಿನಗಳಂತೆಯೇ ಇತ್ತು. ಹೊನ್ನವಳ್ಳಿಯ ನಮ್ಮ ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು, ನನ್ನ ರವಿಕೆಯ ಬೆನ್ನಿಗೆಂದು ಒಂದು ಬಳ್ಳಿಯ ಕಸೂತಿ ಬರೆಯುತ್ತಿದ್ದಳು. ಅಲ್ಲಿ ಬರೆದದ್ದು ಯುಎಸ್‌ಬಿ ವೈರಿನಲ್ಲಿ ಪಕ್ಕದ ಕಸೂತಿ ಯಂತ್ರಕ್ಕೆ ಹೋಗುತ್ತಿತ್ತು, ಯಂತ್ರ ಹೊಲಿಯುತ್ತಿತ್ತು. ಸಂಜೆ, "ಮುಗೀತು ಕಣೇ, ನಾಳೆ ಹೊಲಿಯಾಣ" ಅಂದಳು. ಬೆಳಿಗ್ಗೆ ಎದೆನೋವು ಅಂದಳು. ತಿಪಟೂರಿನ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಳು.

ಬಹಳ ದಿನ ಯಾರೂ ಆ ಮೂಲೆಗೆ ಹೋಗಲಿಲ್ಲ. ಆಮೇಲೆ, ಅವಳು ಬರೆದ ಆ ಬಳ್ಳಿಯೊಂದನ್ನು ಹೇಗಾದರೂ ಹೊಲಿಸಿಕೊಳ್ಳಬೇಕು ಅನ್ನಿಸಿತು. ಕಂಪ್ಯೂಟರ್ ಆನ್ ಆಗಲಿಲ್ಲ. ಅಪ್ಪ ಅದನ್ನು ವೈರುಗಳ ಸಮೇತ ಚೀಲಕ್ಕೆ ಹಾಕಿಕೊಂಡು ತಿಪಟೂರಿನ ರಿಪೇರಿಯವನಿಗೆ ಕೊಟ್ಟು ಬಂದರು.

ಕಂಪ್ಯೂಟರ್ ಸರಿಯಾಗಿ ಬಂತು. ಬಳ್ಳಿಯೂ ಪರದೆಯ ಮೇಲೆ ಹಾಗೇ ಇತ್ತು. ಆದರೆ ಯಂತ್ರದ ವೈರು ಚುಚ್ಚಿದರೆ, ಈ ಸಾಧನದ ಗುರುತು ಸಿಗುತ್ತಿಲ್ಲ ಎಂದು ಬರುತ್ತಿತ್ತು. ಮುಂದಿನ ತೂತಿಗೆ ಹಾಕಿದೆ, ಹಿಂದಿನದಕ್ಕೆ ಹಾಕಿದೆ. ಅದೇ ಮಾತು. ಅದೇ ತೂತುಗಳಲ್ಲಿ ಕೀಬೋರ್ಡ್ ಮಾತ್ರ ಸಲೀಸಾಗಿ ನಡೆಯುತ್ತಿತ್ತು.

ಒಳಗಿನ ಒಳ್ಳೆಯ ಸಾಮಾನು ತೆಗೆದು ಹಳೆಯದು ತುರುಕಿದ್ದಾನೆ ಎಂದು ಅಪ್ಪ ಹೇಳಿದರು. ನನಗೂ ಹಾಗೇ ಅನ್ನಿಸಿತು. ಕಂಪ್ಯೂಟರಿನ ಡಬ್ಬದ ಹಿಂದೆ ಒಂದು ತಿರುಪು ಬೇರೆ ಬಣ್ಣದ್ದಿತ್ತು. ಅಕ್ಕನ ಕಸೂತಿಗಳನ್ನು ಇಳಿಸಿಕೊಂಡು ಮಾರಿರಬಹುದು ಎಂಬ ಯೋಚನೆಯೂ ಬಂತು. ಬಸ್ಸಿನಲ್ಲಿ ಹೋಗುವಾಗ ಮುಂದೆ ಕೂತ ಹೆಂಗಸರ ಬೆನ್ನು ನೋಡುತ್ತಿದ್ದೆ, ಅವಳ ಬಳ್ಳಿ ಎಲ್ಲಾದರೂ ಕಾಣುತ್ತದೆಯೇ ಎಂದು.

ಕೊನೆಗೆ ರಿಪೇರಿಯವನನ್ನೇ ಮನೆಗೆ ಕರೆಸಿದೆವು. ಅಪ್ಪ ಅವನ ಕೈಯಿಂದ ಕಣ್ಣು ತೆಗೆಯಲಿಲ್ಲ.

"ನೀವು ಬಿಚ್ಚೋಕ್ ಮುಂಚೆ ಈ ತೂತೆಲ್ಲ ಚೆನ್ನಾಗಿದ್ವು ಕಣ್ರೀ," ಅಂದರು.

ಅವನು ಕಂಪ್ಯೂಟರಿನ ಮುಂದೆ ಕೂತ. ಯಂತ್ರ ನಡೆಸುವ ಡ್ರೈವರ್ ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿ ನೋಡಿದ. ಆಗಲಿಲ್ಲ. ವೈರು ಕಿತ್ತು, ಅದರ ಬಾಯಿಗೆ ಮೊಬೈಲಿನ ಬೆಳಕು ಹಿಡಿದ.

"ಇದ್ಕೆ ನೀಲಿ ಬಣ್ಣ ಯಾರ್ ಹಾಕಿದ್ದು?"

ನಮ್ಮದೂ ದೊಡ್ಡಪ್ಪನದೂ ತೆಂಗಿನಕಾಯಿ ಒಂದೇ ಅಟ್ಟದ ಮೇಲೆ ಒಣಗಿ ಕೊಬ್ಬರಿಯಾಗುತ್ತದೆ. ಬೆರೆತುಹೋಗದಿರಲಿ ಎಂದು ಅಪ್ಪ ನಮ್ಮ ಕಾಯಿಗೆ ನೀಲಿ ಬೊಟ್ಟು ಇಡುತ್ತಾರೆ. ರಿಪೇರಿಯವನು ಸಾಮಾನು ಬದಲಾಯಿಸಿಯಾನು ಎಂದು, ಅಂಗಡಿಗೆ ಕೊಡುವ ಮೊದಲು ಪ್ರತಿ ವೈರಿಗೂ ಹಾಗೇ ಇಟ್ಟಿದ್ದರು. ಈ ವೈರಿನಲ್ಲಿ ಬಣ್ಣ ಬಾಯೊಳಗೆ ಇಳಿದು, ಕರೆಂಟು ಹಾಯುವ ತಗಡುಗಳ ಮೇಲೆ ಒಣಗಿತ್ತು.

"ಕಾಯಿಗೆ ಇಡೋ ಹಂಗೆ ಗುರ್ತಿಗೆ ಇಟ್ಟಿದ್ದೆ ಕಣಪ್ಪ," ಅಂದರು ಅಪ್ಪ.

"ಬುಡಿ ಯಜಮಾನ್ರೆ, ವೈರೇನ್ ಕೊಬ್ರಿ ಆಯ್ತದಾ?"

ಪ್ರಿಂಟರಿಗೂ ಇದೇ ವೈರು ಎಂದು ಹೇಳಿ ತನ್ನ ಚೀಲದಿಂದ ಒಂದನ್ನು ತೆಗೆದು ಚುಚ್ಚಿದ. ಕಂಪ್ಯೂಟರ್ ಸಣ್ಣಗೆ ಸದ್ದು ಮಾಡಿತು. ಬಳ್ಳಿ ಯಂತ್ರಕ್ಕೆ ಹೋಯಿತು. ವೈರು ಹೊಸದೋ ಹಳೆಯದೋ ಎಂದು ಅಪ್ಪ ಆಗಲೂ ತಿರುಗಿಸಿ ನೋಡುತ್ತಿದ್ದರು.

ಅವನು ಹೋದ ಮೇಲೆ ರವಿಕೆಯ ಬಟ್ಟೆಯನ್ನು ಯಂತ್ರದ ಚೌಕಟ್ಟಿಗೆ ಬಿಗಿದು ಕೂತೆ. ಯಂತ್ರ ಬಣ್ಣದ ದಾರ ಹಾಕು ಎಂದು ಕೇಳಿತು. ಪರದೆಯ ಬಳ್ಳಿ ನೇರಳೆ, ಎಲೆ ಕೆಂಪು. ಅವಳು ಹಾಗೆ ಹೊಲಿಯುವವಳಲ್ಲ. ಇಲ್ಲೂ ಯಾರೋ ಕೈಯಾಡಿಸಿದ್ದಾರೆ ಎಂದುಕೊಂಡು ಅವಳ ಹಳೆಯ ಕಸೂತಿಗಳನ್ನು ತೆರೆದು, ಬೀರುವಿನ ರವಿಕೆಗಳ ಪಕ್ಕ ಇಟ್ಟು ನೋಡಿದೆ. ಒಂದರ ಬಣ್ಣವೂ ಹೊಂದಲಿಲ್ಲ. ಕಂಪ್ಯೂಟರಿನಲ್ಲಿ ಉಳಿಯುವುದು ಸೂಜಿಯ ದಾರಿ ಮಾತ್ರ, ಪರದೆಯ ಬಣ್ಣ ಅದು ತಾನಾಗಿಯೇ ತುಂಬಿಕೊಂಡದ್ದು. ಬಣ್ಣವನ್ನು ಅವಳು ಮನಸ್ಸಿನಲ್ಲೇ ಇಟ್ಟುಕೊಳ್ಳುತ್ತಿದ್ದಳು.

ಅವಳ ದಾರದ ಉಂಡೆಗಳೆಲ್ಲ ಡಬ್ಬದಲ್ಲಿವೆ. ಬಳ್ಳಿಗೆ ಯಾವುದು, ಎಲೆಗೆ ಯಾವುದು ಎಂದು ನನಗೆ ಇನ್ನೂ ಗೊತ್ತಿಲ್ಲ.