ಮಲ್ಲಕ್ಕ ಬಣ್ಣ ಹಾಕಿದ ಬಿಳಿ ಸೀರೆ

ನನ್ನ ಅಕ್ಷರ ಚೆನ್ನಾಗಿಲ್ಲ. ಏಳನೆಯ ಇಯತ್ತೆಯ ನಡುವೆ ಶಾಲೆ ಬಿಟ್ಟವಳು ನಾನು. ಎಲ್ಲಿ ಒತ್ತು ಕೊಡಬೇಕು, ಎಲ್ಲಿ ದೀರ್ಘ ಎಳೆಯಬೇಕು ಎಂದು ಈಗಲೂ ಅನುಮಾನ ಬರುತ್ತದೆ. ಮಾತುಗಳೂ ಸಾಲುವುದಿಲ್ಲ. ಮಾಟುಂಗದ ನಮ್ಮ ಕನ್ನಡ ಸಂಘದ ಕೈಬರಹದ ಪತ್ರಿಕೆಗೆ ನೆರೆಯವರೊಬ್ಬರ ಬಗ್ಗೆ ಬರೆದುಕೊಡು ಎಂದು ಲೈಬ್ರರಿಯ ಶೀಲಾವತಿ ಟೀಚರ್ ಹೇಳಿದ್ದರಿಂದ ಬರೆಯುತ್ತಿದ್ದೇನೆ. ಓದುವವರು ತಪ್ಪುಗಳನ್ನು ಕ್ಷಮಿಸಬೇಕು.

ಮಲಾಡಿನ ನಮ್ಮ ಚಾಳಿನಲ್ಲಿ ನಮ್ಮ ಖೋಲಿಗೂ ಮಲ್ಲಕ್ಕನ ಖೋಲಿಗೂ ನಡುವೆ ಒಂದು ತಗಡಿನ ಗೋಡೆ ಮಾತ್ರ. ನಮ್ಮ ತಂದೆ ಉಡುಪಿ ಕಡೆಯವರು, ಹೋಟೆಲಿನಲ್ಲಿ ದೋಸೆ ಹಾಕುತ್ತಾರೆ. ಮಲ್ಲಕ್ಕ ಗುಲ್ಬರ್ಗಾ ಕಡೆಯವಳು. ಅವಳ ಗಂಡ ಮರೆಪ್ಪ ಹೊಸ ಬಿಲ್ಡಿಂಗುಗಳಿಗೆ ಬಿದಿರು ಕಟ್ಟುವ ಕೆಲಸದವನು. ಮಕ್ಕಳಿರಲಿಲ್ಲ. ಮಲ್ಲಕ್ಕ ಸಿನಿಮಾ ಕಂಪನಿಯೊಂದಕ್ಕೆ ಬಟ್ಟೆಗೆ ಬಣ್ಣ ಹಾಕಿ ಕೊಡುತ್ತಿದ್ದಳು. ಅದೇ ಕಂಪನಿಯ ಸೀರೆಗಳಿಗೆ ನಾನು ಮನೆಯಲ್ಲೇ ಕೂತು ಫಾಲ್ಸ್ ಹೊಲಿಯುತ್ತಿದ್ದೆ. ಅವಳ ಮೊಣಕೈವರೆಗೂ ಯಾವಾಗಲೂ ಬಣ್ಣ. ನಲ್ಲಿಯ ಹತ್ತಿರ ಹೆಂಗಸರು, "ಮಲ್ಲಕ್ಕಾ, ಇವತ್ತು ಹೀರೋಯಿನ್ ಹಸಿರು ಉಡ್ತಾಳಾ?" ಎಂದು ಚೇಷ್ಟೆ ಮಾಡುತ್ತಿದ್ದರು. "ಆಕಿ ಉಟ್ಕೋತಾಳ, ನಾ ತಿಕ್ಕೋತೀನಿ," ಎಂದು ಅವಳು ಇಟ್ಟಿಗೆಯ ಚೂರಿನಿಂದ ಕೈ ಉಜ್ಜಿಕೊಳ್ಳುತ್ತಿದ್ದಳು.

ಕಪ್ಪು ಬಿಳುಪಿನ ಸಿನಿಮಾ ಇದ್ದಾಗ ಅವಳ ಕೆಲಸ ಸುಲಭವಾಗಿತ್ತಂತೆ. ಕೆಂಪಾದರೂ ಹಸಿರಾದರೂ ಪರದೆಯ ಮೇಲೆ ಬೂದಿಯ ಹಾಗೆ ಕಾಣುತ್ತದೆ; ಸ್ವಲ್ಪ ತಿಳಿ, ಸ್ವಲ್ಪ ಗಾಢ, ಅಷ್ಟೇ. ಕಲರ್ ಬಂದ ಮೇಲೆ ಹಾಗಲ್ಲ. ಬದನೆಕಾಯಿಯ ಸಿಪ್ಪೆ, ಹಣ್ಣಾದ ಎಲೆ ಹೀಗೆ ಏನಾದರೂ ಕಳಿಸಿ, ಸೀರೆ ಇದೇ ಬಣ್ಣ ಆಗಬೇಕು ಎನ್ನುತ್ತಿದ್ದರು. ಹೊಸ ಬಟ್ಟೆ ಹಂಡೆಗೆ ಇಳಿಯುವ ಮೊದಲು ಮಲ್ಲಕ್ಕ ಅದರ ಒಂದು ಮೂಲೆಗೆ ಅರಿಶಿನ ಮುಟ್ಟಿಸುತ್ತಿದ್ದಳು. ಹೊಸ ಬಟ್ಟೆಗೆ ಅರಿಶಿನ ಹಚ್ಚುವುದು ಎಲ್ಲರ ಮನೆಯಲ್ಲೂ ಇದೆ. ಅವಳು ಕಂಪನಿಯ ಬಟ್ಟೆಗೂ ಬಿಡುತ್ತಿರಲಿಲ್ಲ. ಅರಿಶಿನದ ಮೇಲೆ ಗಾಢ ಬಣ್ಣ ಕೂತರೆ ಅದು ಕಾಣುವುದಿಲ್ಲ. ಆದ್ದರಿಂದ ಯಾರಿಗೂ ಅದು ಗೊತ್ತಿರಲಿಲ್ಲ.

ಹೋದ ವರ್ಷ ಮಳೆಗಾಲಕ್ಕೆ ಮುಂಚೆ ಕಂಪನಿಯ ಡ್ರೆಸ್ ಮಾಸ್ತರರು ಒಂದು ಬಿಳಿ ಸೀರೆ ತಂದರು. ಅವರ ಹೆಸರು ಶೇಖರ, ನಮ್ಮ ಕಡೆಯವರೇ.

"ಇದನ್ನು ತಿಳಿ ಚಹಾದಲ್ಲಿ ಅದ್ದಬೇಕು ಮಲ್ಲಕ್ಕ. ಹಾಲು ಹಾಕಬೇಡ ಮತ್ತೆ!"

"ಬಿಳಿ ಸೀರಿಗಿ ಚಾ ಯಾಕ್ರಿ ಮಾಸ್ತರ?"

"ಅಚ್ಚ ಬಿಳಿ ಉಟ್ಟರೆ ಆ ಲೈಟಿಗೆ ಧಗಧಗ ಹೊಳೀತದೆ, ಮುಖವೇ ಕಾಣುದಿಲ್ಲ. ಚಹಾದಲ್ಲಿ ಅದ್ದಿದ್ದೇ ಪರದೆಯ ಮೇಲೆ ಬಿಳಿ."

ಆಮೇಲೆ ಅವರು ಸಿನಿಮಾದ ಕತೆ ಹೇಳಿದರು. ಮೊದಲು ಆ ಹೆಂಗಸಿನ ಮನೆ ತುಂಬ ಬಣ್ಣ. ಕಷ್ಟ ಬಂದ ಹಾಗೆ ಡೈರೆಕ್ಟರ್ ಒಂದೊಂದೇ ಬಣ್ಣ ತೆಗೆಯುತ್ತಾರೆ. ಮೊದಲು ಕಿಟಕಿಯ ಪರದೆಯ ಕೆಂಪು ಹೋಗುತ್ತದೆ, ಆಮೇಲೆ ಬಾಗಿಲಿನ ಹಸಿರು. ಬುಟ್ಟಿಯಲ್ಲಿ ಟೊಮೆಟೊ ಇರುವುದಿಲ್ಲ, ಮೂಲಂಗಿ ಮಾತ್ರ ಇರುತ್ತದೆ. ಗಂಡ ಸತ್ತ ಮೇಲಿನ ದೃಶ್ಯದಲ್ಲಿ ಕೋಣೆಯೊಳಗೆ ಒಂದೇ ಒಂದು ಬಣ್ಣವೂ ಇರಬಾರದು. ನೋಡುವವರಿಗೆ ಏಕೆಂದು ಗೊತ್ತಾಗುವುದಿಲ್ಲ, ಆದರೆ ಎದೆ ಭಾರವಾಗುತ್ತದೆ.

"ಮೊದಲು ಇದನ್ನೇ ಶೂಟಿಂಗ್ ಮಾಡುದು. ಮದುವೆಯ ಸೀನು ಆಮೇಲೆ," ಎಂದರು ಶೇಖರ.

"ಗಂಡ ಸತ್ತ ಮ್ಯಾಲ ಮದಿವಿ? ಅದೆಂಥಾ ಊರ್ರಿ ನಿಮ್ಮ ಸಿನಿಮಾ!" ಎಂದು ಮಲ್ಲಕ್ಕ ಬಾಯಿಗೆ ಸೆರಗು ಹಿಡಿದು ನಕ್ಕಳು.

ಅದೇ ವಾರ ಮರೆಪ್ಪ ಬಿದಿರಿನ ಮೇಲಿಂದ ಬಿದ್ದ. ಸೊಂಟ ಮುರಿದಿತ್ತು. ಆಸ್ಪತ್ರೆಯಲ್ಲಿ ಜ್ವರ ಹಿಡಿಯಿತು, ಬೆನ್ನಿನ ಗಾಯ ಕೀವಾಯಿತು. ಉಳಿಯಬಹುದು, ಉಳಿಯದೆಯೂ ಇರಬಹುದು, ಜ್ವರ ಇಳಿಯಬೇಕು ಎಂದು ಡಾಕ್ಟರರು ಹೇಳಿದರು. ಮಲ್ಲಕ್ಕ ಆಸ್ಪತ್ರೆಯ ನೆಲದ ಮೇಲೆ ಮಲಗಿ, ಬೆಳಿಗ್ಗೆ ಲೋಕಲ್ ಹಿಡಿದು ಬಂದು ಹಂಡೆಗೆ ಒಲೆ ಹಚ್ಚುತ್ತಿದ್ದಳು. ಕೆಲಸ ನಿಂತರೆ ಅದು ಬೇರೆಯವರ ಪಾಲಾಗುತ್ತಿತ್ತು.

ಬಿಳಿ ಸೀರೆಗೆ ಬಣ್ಣ ಹಾಕುವ ದಿನ ನಾನು ಅವಳ ಹೊಸ್ತಿಲಲ್ಲಿ ಕೂತು ಹೊಲಿಯುತ್ತಿದ್ದೆ. ಹಂಡೆಯಲ್ಲಿ ಚಹಾದ ನೀರು ಕುದಿಯುತ್ತಿತ್ತು. ಅವಳು ಸೀರೆಯನ್ನು ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ನಿಂತಿದ್ದಳು. ಆಮೇಲೆ ಅರಿಶಿನದ ಡಬ್ಬಿ ತೆಗೆದಳು.

"ಮಲ್ಲಕ್ಕ, ಇದು ವಿಧವೆಯ ಸೀರೆ ಅಲ್ಲವಾ?" ಎಂದು ಕೇಳಿದೆ.

"ಗೊತ್ತೈತಿ ತಂಗಿ. ಆಂವ ಅಲ್ಲಿ ಮಲಗ್ಯಾನ. ಅರಿಷಿಣ ಇಲ್ಲದ ಬಿಳಿ ಅರಿವಿ ನನ್ನ ಕೈಯಿಂದ ಹೊರಗ ಹೋತಂದ್ರ ಅದು ನನ್ನ ಮನಿಗೇ ತಿರುಗಿ ಬರತೈತಿ." ಒದ್ದೆ ಬೆರಳಿಗೆ ಅರಿಶಿನ ಹಚ್ಚಿಕೊಂಡು ಮೂಲೆಯನ್ನು ಒತ್ತಿ ಹಿಡಿದಳು. ಬೇರೆ ದಿನ ಬರೀ ಮುಟ್ಟಿಸುತ್ತಿದ್ದಳು, ಅಂದು ಒತ್ತಿದಳು. "ಅವರಿಗಿ ಕಾಣೂದಿಲ್ಲ. ಎಂದೂ ಕಂಡಿಲ್ಲ."

ಚಹಾದಲ್ಲಿ ಅದ್ದಿ ಒಣಗಿಸಿದ ಮೇಲೂ ಮೂಲೆಯಲ್ಲಿ ಹಳದಿ ಉಳಿದಿತ್ತು. ಅವಳು ಆ ಮೂಲೆಯನ್ನು ಒಳಗೆ ಸೇರಿಸಿ ಮಡಚಿದಳು.

ಸೀರೆ ಕೊಡಲು ಸ್ಟುಡಿಯೋಗೆ ಹೋಗುವಾಗ ನಾನೂ ಜೊತೆಗೆ ಹೋದೆ. ನಿದ್ದೆ ಇಲ್ಲದೆ ಅವಳಿಗೆ ತಲೆ ತಿರುಗುತ್ತಿತ್ತು. ಅಲ್ಲಿ ಕಟ್ಟಿದ ಕೋಣೆ ನೋಡಿ ನನಗೆ ಹೆದರಿಕೆಯಾಯಿತು. ಗೋಡೆ, ಪಾತ್ರೆ, ಹಾಸಿಗೆ ಎಲ್ಲ ಬೂದಿ ಬಳಿದ ಹಾಗಿತ್ತು. ಹೀರೋಯಿನ್ ಸೀರೆ ಉಟ್ಟು ಕಿಟಕಿಯ ಹತ್ತಿರ ನೆಲದ ಮೇಲೆ ಕೂತಳು. ಲೈಟು ಹತ್ತಿತು. ಅವಳ ಕಾಲ ಹತ್ತಿರ ಹರಡಿದ್ದ ಸೆರಗಿನ ಮೂಲೆಯಲ್ಲಿ ಆ ಹಳದಿ ಗುರುತು ದೀಪದ ಹಾಗೆ ಎದ್ದು ಕಂಡಿತು. ಕ್ಯಾಮೆರಾದವನು ಕೂಗಿದ.

ಶೇಖರ ಓಡಿ ಬಂದರು. "ಎಂತ ಮಾಡಿದ್ದು ಮಾರಾಯ್ತಿ ನೀನು? ಒಂದು ಬಣ್ಣ ಇರಬಾರದು ಅಂತ ಬಡಕೊಂಡೆನಲ್ಲ!"

ಮಲ್ಲಕ್ಕ ಗಾಬರಿಯಲ್ಲಿ ಅಲ್ಲಿದ್ದ ನೀರಿನ ಡಬ್ಬ, ಬಟ್ಟೆಯ ಸೋಪು ತೆಗೆದುಕೊಂಡು ಹೀರೋಯಿನ್ ಕಾಲ ಹತ್ತಿರ ಕೂತು ಉಜ್ಜಿದಳು. ಅರಿಶಿನಕ್ಕೆ ಸೋಪು ತಾಗಿದರೆ ಕೆಂಪಾಗುತ್ತದೆ. ಪಾತ್ರೆ, ಬಟ್ಟೆ ತೊಳೆಯುವ ಎಲ್ಲ ಹೆಂಗಸರಿಗೂ ಅದು ಗೊತ್ತು, ಅವಳಿಗೆ ಗೊತ್ತಿರಲಿಲ್ಲವೇ? ಆ ಹೊತ್ತಿಗೆ ನೆನಪಾಗಲಿಲ್ಲ. ಹಳದಿ ಇದ್ದದ್ದು ಕುಂಕುಮದಂತೆ ಕೆಂಪಾಯಿತು. ಶೇಖರರು ತಲೆಯ ಮೇಲೆ ಕೈ ಇಟ್ಟುಕೊಂಡರು.

ಡೈರೆಕ್ಟರ್ ಎದ್ದು ಬಂದು ಬಗ್ಗಿ ನೋಡಿದರು. ಕ್ಯಾಮೆರಾದಲ್ಲೂ ನೋಡಿದರು. "ರೆಹನೇ ದೋ," ಎಂದರು. ಇಡೀ ಕೋಣೆಯಲ್ಲಿ ಅದೊಂದೇ ಬಣ್ಣ ಇರಲಿ, ಅವಳ ಸಂಸಾರದಲ್ಲಿ ಉಳಿದದ್ದು ಅಷ್ಟೇ ಎಂದು ಹಿಂದಿಯಲ್ಲಿ ಹೇಳಿದರು. ಎಲ್ಲರೂ ವಾಹ್ ಎಂದರು.

"ಅಂದ್ರ ಅಳಸೂದಿಲ್ಲೇನ್ರಿ?" ಎಂದು ಮಲ್ಲಕ್ಕ ಕೇಳಿದಳು.

"ಇಲ್ಲ. ಪುಣ್ಯ ಮಾಡಿದ್ದಿ ನೀನು, ನಡಿ," ಎಂದರು ಶೇಖರ.

ಹೊರಗೆ ಬಂದು ಅವಳು ನನ್ನ ಕೈ ಹಿಡಿದುಕೊಂಡಳು. "ಕುಂಕುಮ ಉಳೀತು ತಂಗಿ. ಅವರೇ ಉಳಸ್ಯಾರ," ಎಂದಳು. ನನಗೆ ಅವಳ ಹಾಗೆ ನಂಬಲು ಆಗಲಿಲ್ಲ. ಆದರೂ ಮರುದಿನ ಮರೆಪ್ಪನ ಜ್ವರ ಇಳಿಯಿತು. ಗಂಜಿ ಕುಡಿದ. "ಇನ್ನ ಬಿದಿರ ಏರೂದಿಲ್ಲ, ನಿನ್ನ ಹಂಡ್ಯಾಗ ಕೋಲು ಆಡಸ್ತೀನಿ," ಎಂದು ತಮಾಷೆ ಮಾಡಿದನಂತೆ. ಚಾಳಿನಲ್ಲಿ ಎಲ್ಲರಿಗೂ ಅವಳೇ ಹೇಳಿದಳು. ಆಮೇಲೆ ಗಾಯ ಒಳಗೊಳಗೆ ಕೊಳೆತು ಜ್ವರ ಮತ್ತೆ ಏರಿತು. ಒಂದು ಬೆಳಿಗ್ಗೆ, ಅವಳು ಆಸ್ಪತ್ರೆಯ ನಲ್ಲಿಯಲ್ಲಿ ಅವನ ಬಟ್ಟೆ ಹಿಂಡುತ್ತಿದ್ದಾಗ, ಅವನು ತೀರಿಕೊಂಡ.

ವಡಾಲದಿಂದ ಅವನ ಅಕ್ಕ ಹನುಮವ್ವ ಬಂದು ಮಲ್ಲಕ್ಕನ ಬಳೆ ಒಡೆದಳು. ಒಡೆಯುತ್ತ ಅವಳೇ ಹೆಚ್ಚು ಅತ್ತಳು. ಅರಿಶಿನದ ಡಬ್ಬಿಯನ್ನು ನಮ್ಮ ತಾಯಿಯ ಕೈಗೆ ಕೊಟ್ಟಳು. ಅವರಲ್ಲಿ ಗಂಡ ಸತ್ತವಳು ಅರಿಶಿನ ಮುಟ್ಟುವ ಹಾಗಿಲ್ಲ.

ಸ್ವಲ್ಪ ದಿನದ ಮೇಲೆ ಶೇಖರ ಬಂದರು. ಕೈಯಲ್ಲಿ ಇನ್ನೊಂದು ಬಿಳಿ ಸೀರೆ ಇತ್ತು. ಬಾಗಿಲಲ್ಲೇ ನಿಂತು, "ಕೇಳಿ ಬೇಜಾರಾಯ್ತು ಮಲ್ಲಕ್ಕ," ಎಂದರು. ಆಮೇಲೆ ಕೆಲಸದ ಮಾತು ತೆಗೆದರು. ಹೀರೋಯಿನ್ ಸಮುದ್ರಕ್ಕೆ ಇಳಿಯುವ ದೃಶ್ಯ ಇದೆ, ಹಳೆಯ ಸೀರೆ ನೀರಿನಲ್ಲಿ ಹಾಳಾಗುತ್ತದೆ, ಅಂಥದೇ ಇನ್ನೊಂದು ಬೇಕು, ಅದೇ ಕೆಂಪು ಗುರುತಿನದು.

"ಬೇರೆಯವರ ಕೈಲಿ ಮಾಡಿಸಿ ನೋಡಿದೆ. ಪೇಂಟ್ ಹಚ್ಚಿದ ಹಾಗೆ ಕಾಣ್ತದೆ, ಡೈರೆಕ್ಟರ್ ಒಪ್ಪುದಿಲ್ಲ."

"ಚಾದಾಗ ಅದ್ದಿ ಕೊಡ್ತೀನ್ರಿ. ಅರಿಷಿಣ ನನ್ನ ಕಡಿಂದ ಆಗೂದಿಲ್ಲ."

"ಒಂದು ಚಿಟಿಕೆ ಮಲ್ಲಕ್ಕ. ಯಾರು ನೋಡ್ತಾರೆ?"

"ಮಾಸ್ತರ, ನಿಮ್ಮ ಸಿನಿಮಾದಾಗ ಗಂಡ ಸತ್ತ ಮ್ಯಾಲ ಮದಿವಿ ಐತಿ. ನನಗಿಲ್ಲ."

ಶೇಖರರು ನನ್ನ ಕಡೆ ತಿರುಗಿದರು. "ನೀನು ಹಚ್ಚು ಮಗಾ. ನಿನಗೆ ಎಂತ ಅಡ್ಡಿ?"

ನನಗೆ ಅಡ್ಡಿ ಇರಲಿಲ್ಲ. ಡಬ್ಬಿ ನಮ್ಮ ಮನೆಯಲ್ಲೇ ಇತ್ತು. ಮಲ್ಲಕ್ಕ ಗೋಡೆಯ ಕಡೆ ಮುಖ ಮಾಡಿ, "ಹಚ್ಚೂದಿದ್ರ ಹಚ್ಚು ತಂಗಿ. ನನ್ನ ಮುಂದ ಬ್ಯಾಡ," ಎಂದಳು. ನನಗೆ ದೊಡ್ಡವರ ಎದುರು ಮಾತು ಹೊರಡುವುದಿಲ್ಲ. ಆಗುವುದಿಲ್ಲ ಎಂದು ತಲೆಯಾಡಿಸಿದೆ. ಶೇಖರರು ಕೆಟ್ಟವರಲ್ಲ. "ಹಾಗಾದರೆ ಕಂಪನಿಯವರು ಬೇರೆ ಜನ ನೋಡ್ತಾರೆ, ನನ್ನ ಕೈಲಿಲ್ಲ," ಎಂದು ಸೀರೆ ತೆಗೆದುಕೊಂಡು ಹೋದರು. ಮತ್ತೆ ಅವಳಿಗೆ ಬಟ್ಟೆ ಬರಲಿಲ್ಲ. ನನಗೂ ಬರಲಿಲ್ಲ.

ಸಿನಿಮಾ ಬಂದು ಓಡುತ್ತಿದೆ. ತಂದೆಯವರ ಹೋಟೆಲಿನಲ್ಲಿ ಗಿರಾಕಿಗಳು ಆ ಕೆಂಪು ಗುರುತಿನ ಮಾತೇ ಆಡುತ್ತಾರಂತೆ, ಎಂಥಾ ತಲೆ ಆ ಡೈರೆಕ್ಟರದು ಎನ್ನುತ್ತಾರಂತೆ. ಮಲ್ಲಕ್ಕನಿಗೆ ನಾವು ಹೇಳಿಲ್ಲ. ಅವಳು ಖೋಲಿ ಬಿಟ್ಟು ಹನುಮವ್ವನ ಜೊತೆ ವಡಾಲದಲ್ಲಿದ್ದಾಳೆ. ಅಲ್ಲಿಯ ಗೋದಾಮಿನಲ್ಲಿ ಹರಿದ ಗೋಣಿಚೀಲ ಹೊಲಿಯುತ್ತಾಳೆ. ಹೋದ ಭಾನುವಾರ ನೋಡಲು ಹೋಗಿದ್ದೆ. ದಬ್ಬಣ ಚುಚ್ಚಿ ಅವಳ ಹೆಬ್ಬೆರಳು ಬಾತಿತ್ತು. ಊಟ ಆಯಿತಾ ಎಂದು ಕೇಳಿದಳು.

ಸೋಮವಾರ ಬೆಳಿಗ್ಗೆ ನಾನು ವಡಾಲಕ್ಕೆ ಹೋಗಿ ಆ ಗೋದಾಮಿನ ಮುಕಾದಮನ ಹತ್ತಿರ ನನಗೂ ಚೀಲ ಹೊಲಿಯುವ ಕೆಲಸ ಕೇಳುತ್ತೇನೆ.