ಮಗಳ ಹೆಸರಿಗೆ ಅಪ್ಪನ ನಡಿಗೆ

ಆ ಬಡಾವಣೆಯಲ್ಲಿ ಅವನ ನಿಜವಾದ ಹೆಸರು ಯಾರಿಗೂ ಬೇಕಾಗಿರಲಿಲ್ಲ, ಮೀಟರಣ್ಣ ಎಂದರೆ ಸಾಕಿತ್ತು. ಹತ್ತೊಂಬತ್ತು ವರ್ಷಗಳಿಂದ ಮನೆಮನೆಯ ಮುಂದೆ ಬಗ್ಗಿ, ಕಬ್ಬಿಣದ ಮುಚ್ಚಳ ಎತ್ತಿ, ಹಳೇ ಬಟ್ಟೆಯಿಂದ ಗಾಜು ಒರೆಸಿ, ನೀರಿನ ಮೀಟರಿನ ಅಂಕಿ ಓದುವುದು ಅವನ ಕೆಲಸ. ಅಯಸ್ಕಾಂತ ಅಂಟಿಸಿ ಮೀಟರ್ ನಿಲ್ಲಿಸುವ ಕಿಲಾಡಿಗಳು ಅವನ ಕಣ್ಣಿಂದ ತಪ್ಪಿಸಿಕೊಂಡದ್ದೇ ಇಲ್ಲ. "ಮೀಟರ್‌ಗೆ ಮೋಸ ಮಾಡಿದ್ರೆ ನಂಗೇನ್ರೀ ನಷ್ಟ? ನಾಳೆ ಪೈಪ್ ಒಡೆದು ಸೋರ್ತಿದ್ರೂ ನಿಮ್ಗೇ ಗೊತ್ತಾಗಲ್ಲ" ಎಂದು ಬೈದು, ಅದೇ ಮನೆಯಲ್ಲಿ ಟೀ ಕುಡಿದು ಬರುವ ಆಸಾಮಿ. ಇಂಥವನು ತನ್ನ ಮನೆಯಲ್ಲೇ ಮಾಡಿದ ಕಿತಾಪತಿ ಕೇಳಿ.

ಅವನ ಮಗಳಿಗೆ ಹತ್ತು ವರ್ಷ. ಏಳಕ್ಕೇ ಸಕ್ಕರೆ ಕಾಯಿಲೆ ಬಂದು, ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಸಿಕೊಳ್ಳುತ್ತಾಳೆ. ಹೋದ ವರ್ಷ ಶಾಲೆಯ ಮೈದಾನದಲ್ಲಿ ಓಡುತ್ತಿದ್ದಾಗ ಸಕ್ಕರೆ ಸರ್ರನೆ ಇಳಿದು ಬಿದ್ದುಬಿಟ್ಟಳು. ಕರೆದುಕೊಂಡು ಬರಲು ಹೋಗಿದ್ದ ಅಪ್ಪನ ಕಣ್ಣೆದುರೇ. ಜೀವ ಬಾಯಿಗೆ ಬಂದಿತ್ತು ಅವನಿಗೆ. ಅಂದಿನಿಂದ ಓಟ ಬಂದ್, ಹಗ್ಗದಾಟ ಬಂದ್. ಮೆಟ್ಟಿಲು ಹತ್ತುವಾಗಲೂ "ನಿಧಾನ ಕಣೇ" ಅಂತ ಹಿಂದಿನಿಂದ ಕೂಗು.

ಆಸ್ಪತ್ರೆಯವರು ಬಿಡಬೇಕಲ್ಲ! ಇಂಥ ಮಕ್ಕಳು ಮೈ ದಣಿಸಲೇಬೇಕು ಎಂದು ಫೋನಿನ ವಿಡಿಯೊದಲ್ಲೇ ಒಂದು ಕಾರ್ಯಕ್ರಮ ಶುರುಮಾಡಿದರು. ವಾರಕ್ಕೆ ಮೂರು ಸಂಜೆ, ಮುಕ್ಕಾಲು ಗಂಟೆ, ಹನ್ನೆರಡು ಮಕ್ಕಳು ತಮ್ಮ ತಮ್ಮ ಮನೆಯಿಂದಲೇ ಕುಣಿಯಬೇಕು. ಕುಣಿಸುವವಳು ಒಬ್ಬ ನರ್ಸ್. ಕೈಗೆ ಕಟ್ಟಿಕೊಳ್ಳಲು ಹೆಜ್ಜೆ ಎಣಿಸುವ ಬ್ಯಾಂಡನ್ನೂ ಕೊಟ್ಟರು. ಆ ಲೆಕ್ಕ ತಾನಾಗಿ ನರ್ಸಿಗೆ ತಲುಪುತ್ತದೆ. ಹೆಚ್ಚು ನಡೆದ ದಿನ ಸಕ್ಕರೆ ಇಳಿದೀತೆಂದು, ಇನ್ಸುಲಿನ್ ಇಷ್ಟು ಕಡಿಮೆ ಮಾಡಿ ಎಂದು ಸಂದೇಶ ಬರುತ್ತದೆ.

ಯಾರ ಹೆಜ್ಜೆ ಎಷ್ಟೆಂದು ಎಲ್ಲರಿಗೂ ಕಾಣುವ ಪಟ್ಟಿ ಬೇರೆ. ಮೊದಲ ವಾರ ಮಗಳ ಹೆಸರು ಅದರ ತಳದಲ್ಲಿತ್ತು. ಅಪ್ಪ ಕುಣಿಯಲು ಬಿಟ್ಟರೆ ತಾನೆ? ಕುರ್ಚಿಯಲ್ಲಿ ಕೂರಿಸಿ "ಕೈ ಆಡಿಸು, ಸಾಕು" ಎನ್ನುತ್ತಿದ್ದ. ಹುಡುಗಿ ಗೋಳೋ ಎಂದು ಅತ್ತಳು.

"ಅಳ್ಬೇಡ ಕಣೇ. ದಿನಾ ಊರೆಲ್ಲಾ ಸುತ್ತುತೀನಿ, ನನ್ನ ಹೆಜ್ಜೆ ಯಾರಿಗ್ ಬೇಕು? ನೀನೇ ಇಟ್ಕೋ" ಎಂದು ಅಪ್ಪ ಬ್ಯಾಂಡನ್ನು ತನ್ನ ಕೈಗೆ ಕಟ್ಟಿಕೊಂಡ.

"ಅದು ಮೋಸ ಅಲ್ವಾ ಅಪ್ಪ?"

"ಅಮ್ಮಂಗೆ ಹೇಳ್ಬೇಡ, ಅಷ್ಟೇ."

ಅಮ್ಮ ಬೆಳಿಗ್ಗೆ ಆರಕ್ಕೇ ಬೇಕರಿ ಕೆಲಸಕ್ಕೆ ಹೊರಡುವವಳು. ಸಂಜೆ ಅವಳು ಬರುವಷ್ಟರಲ್ಲಿ ಬ್ಯಾಂಡ್ ಮಗಳ ಕೈಗೆ ವಾಪಸ್ಸು.

ಎಂಟೇ ದಿನಕ್ಕೆ ಮಗಳು ಮೊದಲ ಸ್ಥಾನಕ್ಕೆ ಬಂದಳು. ದಿನಕ್ಕೆ ಹದಿನೆಂಟು ಸಾವಿರ ಹೆಜ್ಜೆ! ನರ್ಸ್ ಚಪ್ಪಾಳೆ ತಟ್ಟಿದಳು, ಇನ್ಸುಲಿನ್ ಇಳಿಸಿದಳು. ಅಮ್ಮ ಸಂದೇಶದಲ್ಲಿ ಬಂದಷ್ಟೇ ಚುಚ್ಚಿದಳು. ಮೂರನೆಯ ವಾರ ಹುಡುಗಿ ಚೊಂಬುಗಟ್ಟಲೆ ನೀರು ಕುಡಿಯತೊಡಗಿದಳು, ಪುಸ್ತಕದ ಮೇಲೆ ತಲೆಯಿಟ್ಟು ನಿದ್ದೆಹೋದಳು. ಸಕ್ಕರೆ ಮುನ್ನೂರು ದಾಟಿತು. ಇದು ತನ್ನ ಹೆಜ್ಜೆಗಳ ಫಲವೆಂದು ಮೀಟರಣ್ಣನಿಗೆ ಹೊಳೆಯಲಿಲ್ಲವೇ ಎಂದರೆ, ಇಲ್ಲ. ಭಯ ಹೊಕ್ಕ ತಲೆಗೆ ಇನ್ನೇನು ಹೊಳೆಯುತ್ತದೆ, ಮಣ್ಣು!

ಒಂದು ಸಂಜೆ ಕುಣಿತ ಮುಗಿದ ಮೇಲೆ ನರ್ಸ್ ಮಿಕ್ಕ ಮಕ್ಕಳನ್ನು ಕಳಿಸಿ, ಇವರ ಮನೆಯವರನ್ನು ಮಾತ್ರ ಫೋನಿನಲ್ಲಿ ಉಳಿಸಿಕೊಂಡಳು. "ಇಷ್ಟೊಂದು ನಡೆದೂ ಸಕ್ಕರೆ ಏರ್ತಿದೆ ಅಂದ್ರೆ ಇನ್ಸುಲಿನ್ ಕೆಟ್ಟಿರ್ಬೇಕು, ಇಲ್ಲಾ ಬೇರೇನೋ ಕಾಯಿಲೆ ಇರ್ಬೇಕು. ನಾಳೆನೇ ಕರ್ಕೊಂಡ್ ಬಂದು ಅಡ್ಮಿಟ್ ಮಾಡಿ, ಎಲ್ಲಾ ಪರೀಕ್ಷೆ ಮಾಡೋಣ" ಎಂದಳು.

ಅಮ್ಮ ಅಳತೊಡಗಿದಳು. ಮಗಳು ಅಪ್ಪನ ಅಂಗಿ ಜಗ್ಗಿ, "ಹೇಳ್ಬೇಡಪ್ಪ, ಎಲ್ಲರೆದುರು ನನ್ನ ಹೆಸರು ತೆಗೀತಾರೆ" ಎಂದು ಪಿಸುಗುಟ್ಟಿದಳು.

ಮೀಟರಣ್ಣ ಫೋನಿನ ಮುಂದೆ ಬಂದು ಕೂತ. "ಮೇಡಂ, ಆ ಹೆಜ್ಜೆ ಅವಳದ್ದಲ್ಲ, ನಂದು. ಕಣ್ಣೆದುರೇ ಬಿದ್ಬಿಟ್ಟಿದ್ಲು ಮೇಡಂ. ಇನ್ನೊಂದ್ಸಲ ನೋಡೋ ಶಕ್ತಿ ನಂಗಿಲ್ಲ. ಅದಕ್ಕೇ ಅವಳ ಬದ್ಲು ನಾನೇ ನಡೆದೆ."

ಅಮ್ಮನ ಅಳು ಗಕ್ಕನೆ ನಿಂತಿತು. "ನಿಮ್ಮ ಬುದ್ಧಿಗಿಷ್ಟು ಬೆಂಕಿ ಹಾಕ! ನಿಮ್ಮ ಕಾಲಿನ ಲೆಕ್ಕ ನೋಡ್ಕೊಂಡು ನಾನು ಮಗೂಗೆ ಇನ್ಸುಲಿನ್ ಹಾಕ್ತಿದ್ನೇನ್ರೀ?" ಎಂದಳು. ಅಂಥ ಏಟು ಅವನಿಗೆ ಜನ್ಮದಲ್ಲಿ ಬಿದ್ದಿರಲಿಲ್ಲ.

ನರ್ಸ್ ಬೈಯಲಿಲ್ಲ. ಆಗಲೇ ಡಾಕ್ಟರನ್ನು ಕೇಳಿ ಹಳೆಯ ಡೋಸಿಗೆ ತಂದಳು, ಪಟ್ಟಿಯಿಂದ ಅಷ್ಟೂ ಹೆಜ್ಜೆಗಳನ್ನು ಅಳಿಸಿದಳು. "ಕುಣಿಯೋ ಮುಂಚೆ ಚೆಕ್ ಮಾಡ್ಕೊಳ್ಲಿ, ಗ್ಲೂಕೋಸ್ ಮಾತ್ರೆ ಪಕ್ಕದಲ್ಲೇ ಇರ್ಲಿ. ನೀವು ಬಾಗಿಲ ಹತ್ರ ನಿಂತ್ಕೊಳ್ಳಿ, ನಡುವೆ ಬಾಯಿ ಹಾಕ್ಬೇಡಿ" ಎಂದಳು. ಮಗಳು ಎರಡು ದಿನ ಅಪ್ಪನ ಜೊತೆ ಮಾತು ಬಿಟ್ಟಳು.

ವಾರ ಕಳೆದು ಸಕ್ಕರೆ ಹತೋಟಿಗೆ ಬಂದ ಮೇಲೆ ಕುರ್ಚಿ ಮೂಲೆಗೆ ಸರಿಯಿತು. ಹುಡುಗಿ ಕುಣಿದಳು ನೋಡಿ, ಕೆಳಗಿನ ಮನೆಯವರು ಬಂದು ಬಾಗಿಲು ಬಡಿಯುವಷ್ಟು! ಮೀಟರಣ್ಣ ಬಾಗಿಲಲ್ಲಿ ಉಗುರು ಕಚ್ಚುತ್ತಾ ನಿಂತಿದ್ದ. ಹತ್ತು ನಿಮಿಷವಾಗಿತ್ತು, ಅವಳು ಥಟ್ಟನೆ ನಿಂತಳು.

"ಮೇಡಂ, ಕೈ ನಡುಗ್ತಿದೆ."

ಬೆರಳು ಚುಚ್ಚಿ ನೋಡಿಕೊಂಡಳು. ಅರವತ್ತೆರಡು, ಸಕ್ಕರೆ ಇಳಿದಿತ್ತು. ಮಾತ್ರೆ ಬಾಯಿಗೆ ಹಾಕಿಕೊಂಡು ನೆಲದ ಮೇಲೆ ಕೂತಳು.

ಮೀಟರಣ್ಣ ಒಳಗೆ ನುಗ್ಗಿ ಫೋನಿಗೆ ಕೈ ಹಾಕಿದ. "ಸಾಕಮ್ಮ, ಇವತ್ತಿಗೆ ಸಾಕು."

ಮಗಳು ಮಾತ್ರೆ ಜಗಿಯುತ್ತಲೇ ಅವನ ಕೈ ಹಿಡಿದುಕೊಂಡಳು. "ಆಫ್ ಮಾಡ್ಬೇಡಪ್ಪ. ಹದಿನೈದು ನಿಮಿಷ ಕೂತ್ಕೋಬೇಕು, ಮತ್ತೆ ಚೆಕ್ ಮಾಡ್ಬೇಕು, ಸರಿ ಇದ್ರೆ ಕುಣೀಬೇಕು. ಅಷ್ಟೇ. ನೀನೂ ಕೂತ್ಕೋ ಬಾ."

ಅವನು ಪಕ್ಕದಲ್ಲಿ ಕೂತ. ಗಡಿಯಾರ ನೋಡಿದ, ಮಗಳ ಮುಖ ನೋಡಿದ, ಮತ್ತೆ ಗಡಿಯಾರ ನೋಡಿದ. ಹದಿನೈದು ನಿಮಿಷಕ್ಕೆ ಅಂಕಿ ನೂರನಾಲ್ಕಕ್ಕೆ ಬಂತು. ಮಗಳು ಎದ್ದಳು. ಮೀಟರಣ್ಣನೂ ಎದ್ದು, ಯಾರೂ ಹೇಳದೆ, ಬಾಗಿಲ ಹತ್ತಿರ ಹೋಗಿ ನಿಂತ.